ಹತ್ತನೇ ಮನೆಯ ತಾಪಮಾನ

ಇದನ್ನು ನಂಬಿ ಎಂದು ನಾನು ಯಾರ ದುಂಬಾಲೂ ಬೀಳುವುದಿಲ್ಲ. ಭೂಗೋಳದ ಎಂ.ಎ. ಪ್ರಬಂಧಕ್ಕಾಗಿ ಒಂದು ಹಳೆಯ ಬೀದಿಯ ಹತ್ತು ಮನೆಗಳೊಳಗೆ ಎಷ್ಟು ಸೆಕೆ ಇರುತ್ತದೆಂದು ಅಳೆಯುತ್ತಿದ್ದೆ. ಪ್ರತಿ ಮನೆಯ ಗೋಡೆಗೂ ಒಂದು ತಾಪಮಾಪಕ ತೂಗುಹಾಕಿದ್ದೆ. ಹತ್ತು ನಿಮಿಷಕ್ಕೊಮ್ಮೆ ಅದು ತಾನೇ ದಾಖಲಿಸಿಕೊಳ್ಳುತ್ತಿತ್ತು. ಹತ್ತನೆಯದು ಖಾಲಿ ಮನೆ. ಅದರ ಒಂದೇ ಒಂದು ಕೀಲಿಕೈ ನನ್ನ ಜೇಬಿನಲ್ಲಿತ್ತು.

ತಿಂಗಳಾದ ಮೇಲೆ ನೋಡಿದರೆ, ಒಂಬತ್ತು ಮನೆಗಳು ಬಿಸಿಲಿಗೆ ಕಾದು ಸಂಜೆಗೆ ತಣಿದಿದ್ದವು. ಹತ್ತನೆಯದು ಹಗಲೂ ರಾತ್ರಿ ಮೂವತ್ತೇಳು ಡಿಗ್ರಿಯಲ್ಲೇ ನಿಂತಿತ್ತು. ಕೊನೆಯ ವಾರ ನಲವತ್ತಕ್ಕೇರಿ, ಆಮೇಲೆ ಇಳಿಯುತ್ತಾ ಇಳಿಯುತ್ತಾ ಉಳಿದ ಮನೆಗಳಷ್ಟೇ ತಣ್ಣಗಾಗಿತ್ತು.

"ಮೀಟರ್ ಕೆಟ್ಟಿರುತ್ತೆ, ಬಿಟ್ಟಾಕಿ. ಒಂಬತ್ತೇ ಸಾಕು," ಎಂದರು ಗೈಡ್ ಮೇಡಂ. ಪರೀಕ್ಷಿಸಿದೆ. ಕೆಟ್ಟಿರಲಿಲ್ಲ.

ನಮ್ಮ ಮನೆಯಲ್ಲಿ ಆ ತಾಪಮಾನದ ಗ್ರಾಫಿನ ಗೆರೆಯನ್ನೇ ನೋಡುತ್ತಾ ಕುಳಿತಿದ್ದಾಗ, ನರ್ಸ್ ಆಗಿರುವ ನನ್ನಕ್ಕ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ.

"ಈ ಪೇಷೆಂಟ್ ಉಳೀಲಿಲ್ಲ ಅಲ್ವೇನೋ?" ಎಂದಳು. ಆಮೇಲೆ ಏರುತ್ತಿದ್ದ ಗೆರೆಯ ನಡುವಿನ ಸಣ್ಣ ತಗ್ಗಿನ ಮೇಲೆ ಬೆರಳಿಟ್ಟಳು. "ಇಲ್ಲೊಂದು ಅರ್ಧ ಗಂಟೆ ಜ್ವರ ಇಳಿದಿದೆ ನೋಡು. ಪಾಪ, ಯಾರೋ ಬಂದು ಪಕ್ಕದಲ್ಲಿ ಕೂತಿರ್ಬೇಕು."

ದಿನ, ಹೊತ್ತು ನೋಡಿದೆ. ಬೀದಿ ಅಳೆದು ಅಳೆದು ಸುಸ್ತಾಗಿ, ನೆರಳಿಗೆಂದು ನಾನು ಆ ಮನೆಯೊಳಗೆ ಹೋಗಿ ಗೋಡೆಗೊರಗಿ ಕುಳಿತಿದ್ದ ಅರ್ಧ ಗಂಟೆ ಅದು. ಬೆನ್ನಿಗೆ ಗೋಡೆ ಬೆಚ್ಚಗಿತ್ತು.

ಆಮೇಲೆ ನಾನೇ ಹೊರಗಿನಿಂದ ಬೀಗ ಹಾಕಿಕೊಂಡು ಬಂದಿದ್ದೆ.