ಸೀಮೆ ಮುಂಗುಸಿಗಳ ಚಳಿಗಾಲ

"ಯಾರದು? ಕೈ ತೆಗೀ ಅಂತೀನಿ!"

ರತ್ನಳ ಕೂಗಿಗೆ ಕೊಟ್ಟಿಗೆಯ ಹಸುಗಳೆಲ್ಲ ತಲೆ ಎತ್ತಿ ನೋಡಿದವು. ಅವನು ಮಾತ್ರ ನೋಡಲಿಲ್ಲ.

ಬೆಳಕು ಹರಿದಿದ್ದರೂ ಮಂಜು ಕರಗಿರಲಿಲ್ಲ. ಕೊಟ್ಟಿಗೆಯ ಹಿಂದೆ ಯಾರೋ ಎತ್ತರದ ಗಂಡಸು, ಅವಳು ಸಂಜೆ ಅಷ್ಟು ಜೋಪಾನವಾಗಿ ಸುತ್ತಿದ್ದ ಗೋಣಿತಾಟುಗಳನ್ನು ಗೂಡಿನಿಂದ ಒಂದೊಂದಾಗಿ ಕಿತ್ತು ಎಸೆಯುತ್ತಿದ್ದ. ಮೂಳೆ ಕೊರೆಯುವ ಚಳಿ. ಆ ಗೂಡಿನೊಳಗೆ ಅವಳ ಎರಡು ಮುದ್ದು ಜೀವಗಳಿದ್ದವು.

ಕಳ್ಳ... ಸಂಶಯವೇ ಇಲ್ಲ, ಕಳ್ಳ!

ಕೈಯಲ್ಲಿ ರಾತ್ರಿಯೆಲ್ಲ ಅಂಗಳದಲ್ಲಿದ್ದ ತಣ್ಣೀರಿನ ಬಿಂದಿಗೆ. ನಿಂತು ಯೋಚಿಸುವ ತಾಳ್ಮೆಯಂತೂ ನಮ್ಮ ರತ್ನಳಿಗೆ ಹುಟ್ಟಿದಾಗಿನಿಂದಲೂ ಇಲ್ಲ. ಅವನ ತಲೆಯ ಮೇಲೆ ಸುರಿದೇ ಬಿಟ್ಟಳು.

ಅವನು ತಿರುಗಿದ. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಬೈಯಲಿಲ್ಲ, ಓಡಲಿಲ್ಲ. ಉಳಿದಿದ್ದ ಕೊನೆಯ ಗೋಣಿಯನ್ನೂ ಎಳೆದು ಹಾಕಿ, "ಒಳಗೆ ಹೊಗೆ ಕಟ್ಕೊಂಡಿತ್ತು" ಅಂದ. ಅಷ್ಟೇ.

ಗದ್ದಲಕ್ಕೆ ರತ್ನಳ ಅಪ್ಪ ಚಿಕ್ಕವೆಂಕಟಪ್ಪ ಕಂಬಳಿ ಹೊದ್ದುಕೊಂಡು ಓಡಿ ಬಂದರು.

"ಅಯ್ಯೋ, ಏನ್ ಮಾಡ್ಬಿಟ್ಟೆ ಮಗಳೇ... ಇವ್ನು ಕಳ್ಳ ಅಲ್ಲ ಕಣಮ್ಮ, ನಮ್ ಬೂದಿಗೆರೆ ಕೊಂಡಪ್ಪನ ಮಗ ಆದಿನಾರಾಯಣ. ರಾಗಿ ಒಕ್ಕಣೆಗೆ ಕೈ ಸಾಲಲ್ಲ ಅಂತ ನಾನೇ ಕರೆಸಿದ್ದು."

ರತ್ನಳ ಮುಖ ಕೆಂಪಾಯಿತು. ತಪ್ಪಾಯಿತು ಅನ್ನಬೇಕು ಅನ್ನುವಷ್ಟರಲ್ಲಿ ಕಣ್ಣು ಗೂಡಿನ ಕಡೆ ಹೋಯಿತು. ಎಲ್ಲ ಕಡೆಯೂ ತೆರೆದು ಬಿದ್ದಿದೆ. ನಾಚಿಕೆ ಹೋಗಿ ಮತ್ತೆ ಸಿಟ್ಟು ಬಂತು.

"ಒಕ್ಕಣೆಗೆ ಬಂದೋರು ಕಣಕ್ಕೆ ಹೋಗ್ಲಿ. ನನ್ ಗೂಡಿನ ತಂಟೆ ಯಾಕೆ?"

ಹೇಗಿದೆ ನೋಡಿ ಮೊದಲ ಭೇಟಿ!

ಇದು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಧನುರ್ಮಾಸ. ಊರು ದೇವನಹಳ್ಳಿ ಹತ್ತಿರದ ಆವತಿ. ನಂದಿಬೆಟ್ಟದ ದಾರಿಯ ಬಂಗಲೆಯಲ್ಲಿದ್ದ ಇಂಗ್ಲಿಷ್ ದೊರೆಗೆ ಚಿಕ್ಕವೆಂಕಟಪ್ಪ ಹಾಲು ಹಾಕುತ್ತಿದ್ದರು. ದೊರೆ ತನ್ನ ದೇಶಕ್ಕೆ ಹೊರಟಾಗ, ಹಾಲಿನವನ ಮೇಲಿನ ವಿಶ್ವಾಸಕ್ಕೆ ತಾನು ಸಾಕಿದ್ದ ಎರಡು ಪ್ರಾಣಿಗಳನ್ನು ಕೊಟ್ಟುಹೋದ. ಅವನ ಭಾಷೆಯಲ್ಲಿ ಅವು ಫೆರೆಟ್. ಉದ್ದ ಮೈ, ಗಿಡ್ಡ ಕಾಲು, ಮುಂಗುಸಿಯ ತಮ್ಮನ ಹಾಗಿದ್ದವು. ಊರಿನವರು ಸೀಮೆ ಮುಂಗುಸಿ ಅಂದರು. ರತ್ನ ಬಿಳಿಯದಕ್ಕೆ ಬೆಣ್ಣೆ, ಕಂದುಬಣ್ಣದ್ದಕ್ಕೆ ಬೆಲ್ಲ ಅಂತ ಹೆಸರಿಟ್ಟಳು.

ರಾಗಿ ಮೆದೆಯೊಳಗೆ ಬಿಟ್ಟರೆ ಸಾಕು, ಇಲಿಗಳು ದಿಕ್ಕಾಪಾಲು. ಕೆಲಸ ಮುಗಿಸಿ ಬಂದು ರತ್ನಳ ಸೆರಗಿನಲ್ಲಿ ಸುರುಳಿ ಸುತ್ತಿ ಮಲಗಿದರೆ ಅವಳಿಗೆ ಪ್ರಪಂಚವೇ ಬೇಡ. ತಾಯಿಯಿಲ್ಲದ ಹುಡುಗಿ. ಯಾರನ್ನಾದರೂ ಮುಚ್ಚಟೆಯಾಗಿ ನೋಡಿಕೊಳ್ಳಬೇಕು ಅನ್ನುವ ಆಸೆ ಅವಳಲ್ಲಿ ತುಂಬಿ ತುಳುಕುತ್ತಿತ್ತು.

ಚಳಿ ಶುರುವಾದಾಗ ಅಜ್ಜಿ ಅಮ್ಮಯಮ್ಮ ಉಪಾಯ ಹೇಳಿಕೊಟ್ಟರು. ಅವರಿಗೆ ಗೊತ್ತಿದ್ದದ್ದು ಬಾಣಂತನ ಒಂದೇ. ಗಾಳಿ ಸುಳಿಯದ ಹಾಗೆ ಮುಚ್ಚು, ಬಿಸಿನೀರಿನಲ್ಲಿ ಮೀಸು, ಸಾಂಬ್ರಾಣಿ ಹೊಗೆ ಹಾಕು, ಕೆಂಡದ ಮಡಕೆ ಇಡು. ಊರಿನ ಮಕ್ಕಳೆಲ್ಲ ಹಾಗೇ ಬೆಳೆದಿಲ್ಲವೇ?

ಬೆಣ್ಣೆ ಸೀನತೊಡಗಿತು. ಬೆಲ್ಲನ ಕಣ್ಣಿನಲ್ಲಿ ನೀರು. ಚಳಿ ತಾಗಿದೆ ಅಂದುಕೊಂಡು ರತ್ನ ಇನ್ನೊಂದು ಗೋಣಿ ಸುತ್ತಿದಳು.

ಆಮೇಲೆ ನಡೆದದ್ದನ್ನು ಕೇಳಿ. ಸಂಜೆ ಇವಳು ಮುಚ್ಚುವುದು, ರಾತ್ರಿ ಅವನು ಬಂದು ಬಿಚ್ಚುವುದು.

"ಅವು ಹಿಮ ಬೀಳೋ ಸೀಮೆಯಿಂದ ಬಂದಿರೋವು ರತ್ನಮ್ಮ. ನಮ್ ಚಳಿ ಅವಕ್ಕೆ ಲೆಕ್ಕಕ್ಕಿಲ್ಲ. ತೇವ ಆಗ್ಬಾರ್ದು, ಹೊಗೆ ಆಗ್ಬಾರ್ದು."

"ಓಹೋ... ನಿಮ್ ಕಿವೀಲಿ ಹೇಳಿದ್ವಾ?"

ಅವನು ನಕ್ಕು ಕಣಕ್ಕೆ ಹೋಗಿಬಿಡುತ್ತಿದ್ದ. ಆ ನಗೆ ಕಂಡರೆ ರತ್ನಳಿಗೆ ಮೈಯೆಲ್ಲ ಉರಿ. ಆದರೂ ಅವರೆಕಾಳು ಸಾರಿಗೆ ಮುದ್ದೆ ಬಡಿಸುವಾಗ ಅವನ ತಟ್ಟೆಯ ಮುದ್ದೆ ಯಾಕೋ ಒಂದು ಕೈ ದಪ್ಪವೇ ಇರುತ್ತಿತ್ತು. ಕೇಳಿದರೆ, ದುಡಿಯುವ ಆಳು, ತಿನ್ನಲಿ ಬಿಡು ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಅಜ್ಜಿ ಬಾಯಿ ಜಾರಿ ಹೇಳಿಬಿಟ್ಟರು.

"ಹುಡ್ಗ ಎಂಗವ್ನೆ ಅಂತ ನೋಡ್ಕಳಮ್ಮಿ. ಒಕ್ಕಣೆ ಅನ್ನೋದು ಬರೀ ನೆಪ. ಸಂಕ್ರಾಂತಿ ದಿನ ಕೊಂಡಪ್ಪ ಬರ್ತಾನೆ, ಆವಾಗ ನಿನ್ನ ಕೇಳ್ತಾರೆ. ನಿನ್ ಮಾತೇ ಕೊನೆ ಅಂತ ನಿಮ್ಮಪ್ಪ ಹೇಳವ್ನೆ."

ರತ್ನ ಸುಲಿಯುವುದನ್ನು ನಿಲ್ಲಿಸಿದಳು. ಹಾಗಾದರೆ ಇಷ್ಟು ದಿನ ನನ್ನನ್ನು ನೋಡಲೆಂದೇ...? ಖುಷಿಯೋ ಕೋಪವೋ ಗೊತ್ತಾಗದೆ ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಬಿಸಾಕಿದಳು.

"ಮೂಗುಪ್ರಾಣಿಗಳ್ನ ಚಳೀಲಿ ಸಾಯಿಸೋಕೆ ನಿಂತಿರೋನು ಎಂಡ್ತೀನ ಏನ್ ಬಾಳಿಸ್ತಾನಜ್ಜಿ? ನಾನ್ ಒಲ್ಲೆ."

"ಶ್... ಧನುರ್ಮಾಸದಲ್ಲಿ ಆ ಮಾತು ಎತ್ಬಾರ್ದು ಕಣೇ! ಹೂಂ ಅನ್ಬಾರ್ದು, ಉಹೂಂ ಅನ್ಬಾರ್ದು. ಯಾರಿಗೇ ಆಗ್ಲಿ ಒಳ್ಳೇದಾಗಲ್ಲ. ಸಂಕ್ರಾಂತಿ ಕಳೀಲಿ."

ಬಾಗಿಲಾಚೆ ನೀರು ಕುಡಿಯಲು ಬಂದಿದ್ದ ಆದಿ ಚೊಂಬನ್ನು ಸದ್ದಿಲ್ಲದೆ ಇಟ್ಟು ಹೋದ. ಅವನ ಬೆನ್ನನ್ನು ಮಾತ್ರ ರತ್ನ ಕಂಡಳು. ಕೇಳಿಸಿಕೊಂಡನೇ? ಕೇಳಲಿ ಬಿಡು ಅಂದುಕೊಂಡಳು. ಆದರೆ ಆ ದಿನ ಅವಳಿಗೆ ಊಟ ಸೇರಲಿಲ್ಲ.

ಮರುದಿನ ಆದಿ ಗಾಡಿ ಕಟ್ಟಿಕೊಂಡು ರಾಗಿ ಮಾರಲು ದೇವನಹಳ್ಳಿ ಸಂತೆಗೆ ಹೋದ. ಆ ರಾತ್ರಿ ಗೂಡು ಬಿಚ್ಚುವವರು ಯಾರೂ ಇರಲಿಲ್ಲ. ಮಂಜು ಎಂದಿಗಿಂತ ದಟ್ಟವಾಗಿತ್ತು. ರತ್ನ ಮನಸಾರೆ ಗೋಣಿ ಸುತ್ತಿದಳು. ಗೂಡಿನ ಮೂಲೆಯಲ್ಲಿ ಕೆಂಡದ ಮಡಕೆ ಇಟ್ಟು, ಇನ್ನು ಬೆಚ್ಚಗೆ ಮಲಗಿ ಕಂದಮ್ಮಗಳೇ ಅಂದು ಬಂದಳು.

ಬೆಳಿಗ್ಗೆ ಗೋಣಿ ಸರಿಸಿದರೆ ಬೆಲ್ಲ ತೂರಾಡುತ್ತಾ ಹೊರಗೆ ಬಂತು. ಬೆಣ್ಣೆ ಬರಲಿಲ್ಲ.

"ಬೆಣ್ಣೆ... ಏಳೇ... ಬೆಣ್ಣೆ..."

ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ರತ್ನಳಿಗೆ ಕಣ್ಣು ಕತ್ತಲೆ ಬಂತು. ನಾನೇ ಕೊಂದೆ... ಮುಚ್ಚಿ ಮುಚ್ಚಿ ನಾನೇ ಕೊಂದುಬಿಟ್ಟೆ!

ಅದೇ ಹೊತ್ತಿಗೆ ಗಾಡಿ ಅಂಗಳಕ್ಕೆ ಬಂತು. ಅವಳ ಅಳು ಕೇಳಿದ್ದೇ ಆದಿ ಎತ್ತುಗಳನ್ನೂ ಬಿಚ್ಚದೆ ಧುಮುಕಿ ಓಡಿ ಬಂದ. ಬೆಣ್ಣೆಯನ್ನು ಕಸಿದುಕೊಂಡು ಬಯಲಿಗೆ ಹೋಗಿ ಗಾಳಿ ಬೀಸುವ ಕಡೆ ಮುಖ ಮಾಡಿ ಕೂತ. ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಎದೆ ಉಜ್ಜಿದ, ಮೂಗಿಗೆ ಮೆಲ್ಲಗೆ ಉಸಿರು ಊದಿದ, ಮತ್ತೆ ಉಜ್ಜಿದ.

"ಏಳು... ನೀನಾದ್ರೂ ಏಳೋ..."

ನೀನಾದರೂ? ರತ್ನ ಅವನ ಮುಖ ನೋಡಿದಳು. ಕಣ್ಣೀರು ಕೆನ್ನೆಯ ಮೇಲೆ ಹರಿಯುತ್ತಿತ್ತು.

ಬೆಣ್ಣೆ ಒಂದು ಸಲ ಸೀನಿತು. ಕಾಲು ಆಡಿಸಿತು. ಆಮೇಲೆ ಕಣ್ಣು ಬಿಟ್ಟು, ತನ್ನ ಜೀವ ಉಳಿಸಿದವನ ಹೆಬ್ಬೆರಳನ್ನು ಕಚ್ಚಿತು.

"ಅಬ್ಬಾ... ಬದುಕ್ತು" ಅಂದ ಆದಿ. ಅಳುತ್ತಲೇ ನಕ್ಕ. ರತ್ನಳೂ ಅಳುತ್ತಲೇ ನಕ್ಕಳು. ಸೆರಗಿನ ಅಂಚು ಹರಿದು ಅವನ ಬೆರಳಿಗೆ ಕಟ್ಟುವಾಗ ಮೆಲ್ಲಗೆ ಕೇಳಿದಳು.

"ಯಾರ್ನ ನೆನೆಸ್ಕೊಂಡ್ರಿ?"

ಅವನು ಬೆಣ್ಣೆಯ ಬೆನ್ನು ಸವರಿದ.

"ಯುದ್ಧದಲ್ಲಿ ಇಟಲಿಗೆ ಹೋಗಿದ್ದೆ. ಸಾಮಾನು ಹೊರೋ ಹೇಸರಗತ್ತೆ ನೋಡ್ಕೊಳೋ ಕೆಲ್ಸ. ಅಲ್ಲಿ ಹಿಮ ಮೊಣಕಾಲ್ವರೆಗೂ ಬೀಳೋದು. ಮೈ ಒಣಗಿದ್ರೆ, ಬೆನ್ನಿಗೆ ಗಾಳಿ ಹೊಡೀದಿದ್ರೆ, ಹೊಟ್ಟೆ ತುಂಬಿದ್ರೆ, ಕತ್ತೆಗಳು ಹಿಮದಾಗೂ ಕಲ್ಲುಗುಂಡಿನಂಗಿರೋವು. ನಮ್ಗೆ ಮನುಷ್ಯರಿಗೇ ತಡ್ಕೊಳಾಕಾಗ್ತಿರ್ಲಿಲ್ಲ. ನನ್ ಜೊತೆಗಾರ ಸೊಣ್ಣಪ್ಪ ಗುಡಾರ ಬಿಗಿಯಾಗಿ ಮುಚ್ಕೊಂಡು, ಒಳಗೆ ಕೆಂಡ ಇಟ್ಕೊಂಡು ಮಲಗ್ದ. ಬೆಳಿಗ್ಗೆ ನಾನೇ ಹೋಗಿ ಎಬ್ಬಿಸ್ದೆ... ಏಳ್ಲಿಲ್ಲ. ಮೈ ಮೇಲೆ ಒಂದು ಗಾಯ ಇಲ್ಲ. ಆವತ್ತು ನಿನ್ ಗೂಡಿನಿಂದ ಹೊಗೆ ಬರ್ತಿರೋದು ನೋಡ್ದಾಗ ನಂಗೆ ಬೇರೇನೂ ಕಾಣಿಸ್ಲಿಲ್ಲ."

"ಅದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಾಯಿ ಬರ್ತಿರ್ಲಿಲ್ಲ."

ರತ್ನ ಅವನ ಬೆರಳಿನ ಕಟ್ಟನ್ನು ಬಿಗಿಮಾಡಿದಳು. ಇವನನ್ನು ಸಾಯಿಸೋಕೆ ನಿಂತಿರೋನು ಅಂದೆನಲ್ಲ! ಒಲ್ಲೆ ಅಂದ ಮಾತನ್ನು ಆಗಲೇ ವಾಪಸು ತೆಗೆದುಕೊಳ್ಳಬೇಕು ಅನ್ನಿಸಿತು. ಬಾಯಿ ತೆರೆದಳು... ಅಜ್ಜಿಯ ಮಾತು ನೆನಪಾಯಿತು. ಧನುರ್ಮಾಸ. ಆ ಮಾತು ಎತ್ತಿ ಇವನಿಗೇನಾದರೂ ಕೆಟ್ಟದಾದರೆ? ಬಾಯಿ ಮುಚ್ಚಿಕೊಂಡಳು. ಬಾಯಿ ಮುಚ್ಚಿಕೊಂಡಿರುವುದು ರತ್ನಳಂಥ ಹುಡುಗಿಗೆ ಎಂಥ ಕಷ್ಟ, ನೀವೇ ಹೇಳಿ!

ಮಾತಾಡುವಂತಿಲ್ಲ, ಆದರೆ ಗೂಡು ಕಟ್ಟಬಹುದಲ್ಲ.

ಇಬ್ಬರೂ ಸೇರಿ ಗೂಡನ್ನು ನೆಲದ ತೇವ ತಾಗದಂತೆ ಕಲ್ಲುಗಳ ಮೇಲೆ ಎತ್ತಿಟ್ಟರು. ಬಿಸಿಲು ಬೀಳುವ ಮುಖ ಬಿಟ್ಟು ಉಳಿದ ಮೂರು ಕಡೆ ದಪ್ಪಗೆ ಹುಲ್ಲು ಹೆಣೆದರು. ಅವನು ಬಿಸಿಲಿನ ಮುಖವನ್ನು ಪೂರ್ತಿ ತೆರೆದಿಡೋಣ ಅಂದ. ಮಂಜು ಒಳಗೆ ನುಗ್ಗಿ ಹುಲ್ಲು ಒದ್ದೆಯಾಗುತ್ತದೆ, ಒಂದು ಗೋಣಿಯನ್ನು ಸಡಿಲವಾಗಿ ಇಳಿಬಿಡೋಣ ಅಂದಳು ಇವಳು. ಅವನು ಒಪ್ಪಿದ. ದಿನಾ ಬಿಸಿಲೇರಿದ ಮೇಲೆ ಹಳೆಯ ಹುಲ್ಲು ತೆಗೆದು ಒಣಗಿದ್ದನ್ನು ಹಾಸುವುದು ಅವನ ಪಾಲು. ಕೋಳಿಯ ಕರುಳು, ಹಸಿ ಮೊಟ್ಟೆ ಹೆಚ್ಚಾಗಿ ಕೊಡುವುದು, ತಣ್ಣಗೆ ಕೊರೆಯುವ ನೀರು ಚೆಲ್ಲಿ ಹೊಸ ನೀರು ಇಡುವುದು ಇವಳ ಪಾಲು. ಮೀಸುವುದನ್ನೂ ಸಾಂಬ್ರಾಣಿಯನ್ನೂ ನಿಲ್ಲಿಸಿದರು. ಅಜ್ಜಿ ಮೂಗು ಮುರಿದರು.

ಸೀನು ನಿಂತಿತು. ಬೆಣ್ಣೆ, ಬೆಲ್ಲ ಹುಲ್ಲಿನೊಳಗೆ ಹೂತುಕೊಂಡು ಮೂಗು ಮಾತ್ರ ಹೊರಗಿಟ್ಟು ಮಲಗುವುದನ್ನು ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನೋಡುತ್ತಿದ್ದರು. ರತ್ನಳಿಗೆ ಆ ಚಳಿ ಮುಗಿಯದಿದ್ದರೆ ಸಾಕು ಅನ್ನಿಸುತ್ತಿತ್ತು.

ಆದರೆ ಅವನ ಮನಸ್ಸಿನಲ್ಲಿ 'ನಾನ್ ಒಲ್ಲೆ' ಅನ್ನುವುದು ಮುಳ್ಳಾಗಿ ಕೂತಿತ್ತು. ಅದು ಇವಳಿಗೆ ಹೇಗೆ ತಿಳಿಯಬೇಕು?

ಸಂಕ್ರಾಂತಿಯ ಬೆಳಿಗ್ಗೆ. ರತ್ನ ತಲೆಗೆ ಮಿಂದು, ಹೊಸ ಸೀರೆ ಉಟ್ಟು, ಎಳ್ಳುಬೆಲ್ಲದ ತಟ್ಟೆ ಹಿಡಿದು ಅಂಗಳಕ್ಕೆ ಬಂದಳು. ಕೊಂಡಪ್ಪನವರ ದಾರಿ ಕಾಯುತ್ತಿದ್ದ ಅಪ್ಪ ಮಂಕಾಗಿ ಜಗುಲಿಯ ಮೇಲೆ ಕೂತಿದ್ದರು.

"ಯಾಕಪ್ಪಾ?"

"ಆದಿ ಒಂಟೋದ ಕಣಮ್ಮ. ರತ್ನಮ್ಮಂಗೆ ಇಷ್ಟ ಇಲ್ಲ, ಕೇಳಿ ಮುಜುಗರ ಮಾಡ್ಬೇಡಿ, ನಮ್ಮಪ್ಪನ್ನ ದಾರೀಲೇ ತಿರುಗಿಸ್ಕೊಂಡ್ ಹೋಗ್ತೀನಿ ಅಂದ."

ತಟ್ಟೆ ಅಪ್ಪನ ಮಡಿಲಿಗೆ ಬಿತ್ತು. ರತ್ನ ಓಡಿದಳು. ಹೊಸ ಸೀರೆಯ ನೆರಿಗೆ ಕೈಯಲ್ಲಿ ಹಿಡಿದು, ಊರಿನವರೆಲ್ಲ ಎತ್ತು ತೊಳೆಯುತ್ತಾ ನೋಡುತ್ತಿದ್ದ ಹಾಗೆಯೇ, ಕೆರೆ ಏರಿಯ ಮೇಲೆ ಓಡಿದಳು.

"ನಿಂತ್ಕೊಳಿ!"

ಅವನು ನಿಂತ. ಬಗಲಲ್ಲಿ ಗಂಟು.

"ನಮ್ಮಪ್ಪ ಇನ್ನೂ ನನ್ನ ಕೇಳೇ ಇಲ್ಲ. ಅಷ್ಟ್ರಲ್ಲೇ ಒಂಟ್ರಲ್ಲ?"

"ನಿನ್ ಉತ್ತರ ಆವತ್ತೇ ಕೇಳಿಸ್ಕೊಂಡೆ ರತ್ನಾ. ಎಲ್ರ ಮುಂದೆ ಮತ್ತೆ ಅದನ್ನೇ ನಿನ್ ಬಾಯಲ್ಲಿ ಹೇಳಿಸ್ಬೇಕಾ?"

"ಆವತ್ತು ಯಾವ ಮಾಸ?" ಅವಳು ಏದುಸಿರು ಬಿಡುತ್ತಿದ್ದಳು.

"ಧನುರ್ಮಾಸ."

"ಧನುರ್ಮಾಸದಲ್ಲಿ ಆಡಿದ ಮದ್ವೆ ಮಾತು ನಡೆಯುತ್ತಾ?"

"...ನಡೆಯಲ್ಲ."

"ಹಂಗಾದ್ರೆ ನಾನು ಒಲ್ಲೆ ಅಂದಿದ್ದು ಎಂಗ್ ನಡೆಯುತ್ತೆ? ತಪ್ಪಾಯ್ತು ಅನ್ನೋಕೂ ಆಗ್ದೆ, ನೀವೇ ಬೇಕು ಅನ್ನೋಕೂ ಆಗ್ದೆ, ಇಷ್ಟ್ ದಿನ ಬಾಯಿ ಕಟ್ಕೊಂಡಿದ್ದೀನಿ. ಇವತ್ತು ಸಂಕ್ರಾಂತಿ. ಇವತ್ತು ಕೇಳಿ."

ಆದಿಯ ಬಗಲಿನ ಗಂಟು ಜಾರಿ ಏರಿಯ ಮೇಲೆ ಬಿತ್ತು. ಎತ್ತಿಕೊಳ್ಳುವುದೂ ಅವನಿಗೆ ಹೊಳೆಯಲಿಲ್ಲ.

"ನನ್ ಮದ್ವೆ ಆಗ್ತೀಯಾ ರತ್ನಾ?"

"ಹೂಂ" ಅಂದಳು. ಇಷ್ಟು ದೂರ ಓಡಿ ಬಂದವಳಿಗೆ ಈಗ ಎಲ್ಲಿಲ್ಲದ ನಾಚಿಕೆ. ತಲೆ ತಗ್ಗಿಸಿಕೊಂಡೇ ಕೇಳಿದಳು. "ಬೂದಿಗೆರೇಲಿ ಚಳಿ ಎಂಗೆ?"

"ಇಲ್ಲಿಯಷ್ಟೇ. ಯಾಕೆ?"

"ಮನೆ ಹಿಂದೆ ಬಿಸಿಲು ಬೀಳೋ ಜಾಗ ನೋಡಿಡಿ. ನಾನೊಬ್ಳೇ ಬರಲ್ಲ... ಮೂರು ಜನ ಬರ್ತೀವಿ."