ಬಾಟಲಿ ಹಚ್ಚದ ಸೊಸೆ

"ಬಿಡು ಕೂಸಿಗಿ! ದವಾ ಮಾಡಾಕತ್ತೀಯೋ, ಜೀವ ತೆಗ್ಯಾಕತ್ತೀಯೋ?"

ಶೇವಂತಾಬಾಯಿಯ ಕೂಗಿಗೆ ಹುಮನಾಬಾದಿನ ಆಸ್ಪತ್ರೆಯ ಮಕ್ಕಳ ವಾರ್ಡೇ ತಿರುಗಿ ನೋಡಿತು. ಅವಳು ಗದರಿಸುತ್ತಿದ್ದುದು ಅದೇ ವಾರ್ಡಿನಲ್ಲಿ ನರ್ಸ್ ಆಗಿದ್ದ ತನ್ನ ಸ್ವಂತ ಸೊಸೆ ಪೂನಂಳನ್ನು! ಮಂಚದ ಮೇಲೆ ಶೇವಂತಾಬಾಯಿಯ ಮಗಳು ಸುಜಾತಾಳ ಹದಿನಾಲ್ಕು ತಿಂಗಳ ಕೂಸು ಸಮ್ಯಕ. ಮೊದಲೇ ಎಲುಬಿನ ಗೂಡು, ಅದರ ಮೇಲೆ ಮೂರು ದಿನದ ವಾಂತಿಭೇದಿ. ಪೂನಂ ಗಡಿಯಾರ ನೋಡಿಕೊಂಡು ಚಮಚ ಚಮಚವಾಗಿ ಔಷಧದ ನೀರು ಕುಡಿಸುತ್ತಿದ್ದಳು. ಅತ್ತೆಗೆ ಬೇಕಾಗಿದ್ದುದು ಸಲಾಯಿನ್. ನಮ್ಮ ಕಡೆ ತಲೆಯ ಮೇಲೆ ಬಾಟಲಿ ತೂಗಾಡಿದರೇನೇ ಉಪಚಾರ, ಇಲ್ಲದಿದ್ದರೆ ದವಾಖಾನೆಗೆ ಹೋದದ್ದೇ ಸುಳ್ಳು! ಮುದುಕಿಯೊಬ್ಬಳನ್ನೇ ಏಕೆ ಬೈಯಬೇಕು?

"ಅತ್ತಿ, ಕೂಸು ಭಾಳ ಸೊರಗ್ಯಾದ್ರಿ. ಬಾಟ್ಲಿ ನೀರು ಒಮ್ಮೆಲೇ ಮೈಯಾಗ ಹೋದ್ರ ಎದಿ ತಡಕೊಳ್ಳಂಗಿಲ್ಲ. ಬಾಯಿಲೇ ಕುಡ್ಯಾಕತ್ತದ, ಕುಡಿಯೋ ತನಕ ಹಿಂಗೇ ಮಾಡಬೇಕಂತ ನಿಯಮ ಅದ. ಡಾಕ್ಟರೂ ಅದೇ ಹೇಳ್ಯಾರ."

"ನಿಯಮಂತ ನಿಯಮ! ನಿನ್ನ ಮಡ್ಲಾಗ ಕೂಸಿಲ್ಲ, ನನ್ನ ಮಗಳಿಗಿ ಅದ ಅಂತ ಹೊಟ್ಟಿಕಿಚ್ಚು! ಸುಜಾತಾ, ಏಳು! ಬ್ಯಾರೆ ಕಡಿ ಹೋಗಾಮು. ಕೇಳಿದ್ ಕೂಡ್ಲೇ ಬಾಟ್ಲಿ ಹಚ್ಚೋರು ಅದಾರ. ಪೂನಂ, ನೀ ಇನ್ನ ನನ್ನ ಹೊಸ್ತಿಲಾ ತುಳೀಬ್ಯಾಡ!"

ಬಂಜೆ ಎಂಬ ಮಾತು... ಅದೂ ಎಲ್ಲರೆದುರು! ಆದರೂ ಪೂನಂ ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತಳು, ಅತ್ತೆಯ ಕಾಲು ಹಿಡಿದಳು.

"ಮನಿ ಬಿಡಂದ್ರ ಇವತ್ತೇ ಬಿಡ್ತೀನ್ರಿ... ಕೂಸಿಗಿ ಮಾತ್ರ ಒಯ್ಯಬ್ಯಾಡ್ರಿ!"

ಅಷ್ಟರಲ್ಲಿ, ಜನ್ಮದಲ್ಲಿ ತಾಯಿಗೆ ಎದುರಾಡದ ಸುಜಾತಾ ಕೂಸನ್ನೆತ್ತಿಕೊಂಡು ಮಂಚದ ಮೇಲೆ ಗಟ್ಟಿಯಾಗಿ ಕುಳಿತಳು. "ಅವ್ವಾ, ಕೂಸು ನಂದು. ವೈನಿ ಹೇಳ್ದಂಗೇ ಆಗ್ಲಿ," ಎಂದಳು. ಶೇವಂತಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೂಲೆ ಸೇರಿದಳು.

ಮಧ್ಯಾಹ್ನವೆಲ್ಲ ಹಾಗೆಯೇ ಕಳೆಯಿತು. ವಾಂತಿಯಾದರೆ ಸ್ವಲ್ಪ ತಡೆದು ಮತ್ತೆ ಕುಡಿಸುವುದು, ಮತ್ತೆ ಮತ್ತೆ ನಾಡಿ, ಉಸಿರು ಎಣಿಸುವುದು. ನಾಲ್ಕು ಗಂಟೆಗೆ ಸಮ್ಯಕ ತಾಯಿಯ ಮಡಿಲು ಒದ್ದೆ ಮಾಡಿದ. ಬೆಳಿಗ್ಗೆಯಿಂದ ನಿಂತೇ ಹೋಗಿದ್ದ ಮೂತ್ರ ಕಂಡು ಮೂವರು ಹೆಂಗಸರಲ್ಲಿ ಇಬ್ಬರು ಅತ್ತೇ ಬಿಟ್ಟರು. ಡಾಕ್ಟರು ಬಂದು ಮುಟ್ಟಿ ನೋಡಿ, "ಗಂಡಾಂತರ ಕಳೀತು," ಎಂದರು.

ಮೂಲೆಯಲ್ಲಿದ್ದ ಶೇವಂತಾಬಾಯಿ ಮಾತ್ರ ಅಳಲಿಲ್ಲ. ಡಾಕ್ಟರು ಹೋದ ಮೇಲೆ ಸೊಸೆಯನ್ನು ಹತ್ತಿರ ಕರೆದಳು.

"ನನ್ನ ಮೊದಲ್ನೇ ಕೂಸು ಅಜೀತ... ಅದೂ ಹಿಂಗೇ ಸೊರಗಿತ್ತು. ನಾನೇ ಕಾಲಿಗಿ ಬಿದ್ದು ಎರಡು ಬಾಟ್ಲಿ ಹಚ್ಚಿಸಿದೆ. ಆಮ್ಯಾಲ ಕೂಸಿಗಿ ದಮ್ಮು ಹತ್ತಿತು, ಮಾರಿ ಬಾತಿತು... ಮೂರನೇದು ಹಚ್ಚಲಿಲ್ಲ, ಅದಕ್ಕೇ ಕೂಸು ಹೋಯ್ತು ಅಂತ ಆ ಡಾಕ್ಟರಿಗಿ ಮೂವತ್ತು ವರ್ಷ ಶಾಪ ಹಾಕ್ಕೋತ ಬಂದೆ. ಪೂನಂ... ಖರೇ ಹೇಳು. ನಾನೇ ಕೊಂದ್ನೇನು?"

ಉತ್ತರ ಪೂನಂಳಿಗೆ ಗೊತ್ತಿತ್ತು. ಬೆಳಿಗ್ಗೆ ತನ್ನನ್ನು ಬಂಜೆ ಎಂದವಳ ಎರಡೂ ಕೈಗಳನ್ನು ಹಿಡಿದುಕೊಂಡಳು.

"ನಿಮಗ ಬಾಗಿಲಿಗಿ ಅಡ್ಡ ನಿಲ್ಲೋರು ಆವತ್ತು ಯಾರೂ ಇದ್ದಿಲ್ರಿ ಅತ್ತಿ..."

ಶೇವಂತಾಬಾಯಿ ಸೊಸೆಯ ಹೆಗಲಿಗೆ ಹಣೆಯಿಟ್ಟಳು. ಮೂವತ್ತು ವರ್ಷದ ಹಿಂದಿನ ಕೂಸಿಗಾಗಿ ಹೊಸದಾಗಿ ಅತ್ತಳು.