ಉಂಗುರ ಹೆರುವ ಉಂಗುರ

ಬಹಳ ಹಿಂದೆ, ಕಾಜಾಣಗಿರಿ ಎಂಬ ರಾಜ್ಯದಲ್ಲಿ, ಪ್ರಜೆಗಳೆಲ್ಲರ ಜೀವದ ಹಣತೆಗಳು ಅರಮನೆಯ ಒಂದೇ ಕೋಣೆಯಲ್ಲಿ ಉರಿಯುತ್ತಿದ್ದವು. ಹಣತೆ ಆರಿದರೆ ಆಳೂ ಮುಗಿದ. ಆ ಕೋಣೆಯ ಬಾಗಿಲಿಗೆ ಮುಖದ ಗುರುತಿಲ್ಲ, ಉಂಗುರದ ಗುರುತು ಮಾತ್ರ. ನೋಡುವವರಿಗೊಂದು ಉಂಗುರ, ಎಣ್ಣೆ ಹೊಯ್ಯುವವರಿಗೊಂದು. ಯಾರಿಗೆ ಯಾವುದೆಂದು ಅರಸನೇ ಗೊತ್ತುಮಾಡಿ ಕೊಡಬೇಕು.

ಅರಸ ವೀರಬಲ್ಲ ಮಹಾ ಸೋಮಾರಿ. "ಈ ತಲೆನೋವು ಯಾರಿಗೆ ಬೇಕು?" ಎಂದು ಉಂಗುರ ಹೆರುವ ಉಂಗುರವನ್ನೇ ಮಂತ್ರವಾದಿ ಉಗ್ರಾಕ್ಷನ ಬೆರಳಿಗೆ ತೊಡಿಸಿಬಿಟ್ಟ. ಪುಣ್ಯಾತ್ಮ, ಏನು ಕೊಡುತ್ತಿದ್ದೇನೆಂದು ಒಮ್ಮೆ ಯೋಚಿಸಬಾರದೆ?

ಎಣ್ಣೆ ಹೊಯ್ಯುವ ಸಿರಿಯವ್ವೆಗೂ ಉಂಗುರ ಸಿಕ್ಕಿದ್ದು ಉಗ್ರಾಕ್ಷನಿಂದಲೇ. ಅವಳ ಒಬ್ಬನೇ ಮಗ ಮಾರನ ಹಣತೆ ಬಿರುಕು ಬಿಟ್ಟಿತ್ತು. ಸಂಜೆಸಂಜೆಗೂ ಎಣ್ಣೆ ಬೀಳದಿದ್ದರೆ ಅದು ಉಳಿಯುವಂತಿರಲಿಲ್ಲ.

ಊರೆಲ್ಲ ತನ್ನ ಕಾಲಿಗೆ ಬೀಳಲಿ ಎಂದು ಉಗ್ರಾಕ್ಷ ಹುಲಿಗೊಂದು ಉಂಗುರ ಹೆರಿಸಿ ಒಳಗೆ ಬಿಟ್ಟ. ಅದು ಊದಿ ಊದಿ ಹಣತೆ ಆರಿಸಿತು, ಬೀದಿಯಲ್ಲಿ ಹೆಣ ಬಿದ್ದವು. ಹುಲಿ ಮಲಗಿದಾಗ ಸಿರಿಯವ್ವೆ ಅದರ ಉಂಗುರ ಕಿತ್ತಳು. ಅವನು ಹಾವಿಗೆ ಕೊಟ್ಟ. ಹಾವು ಪೊರೆ ಬಿಡುವಾಗ ಅದನ್ನೂ ಕಿತ್ತಳು. ಅವನು ಗೂಗೆಗೆ ಕೊಟ್ಟ. ಸಿರಿಯವ್ವೆಗೆ ಸಾಕುಸಾಕಾಯಿತು. ನೇರ ಅರಸನ ಬಳಿ ಹೋದಳು.

"ಬುದ್ಧೀ, ಮರಿಯುಂಗುರಗಳನ್ನು ಕಿತ್ತು ಪ್ರಯೋಜನವಿಲ್ಲ. ತಾಯುಂಗುರವನ್ನೇ ಹಿಂದಕ್ಕೆ ಕರೆಯಿರಿ."

"ಕರೆದರೆ ಅದು ಹೆತ್ತ ಉಂಗುರಗಳೆಲ್ಲ ಬೂದಿಯಾಗುತ್ತವೆ, ಅವನ್ನು ಕೇಡಿಗೆ ಬಳಸಿದವರೂ ಉಳಿಯುವುದಿಲ್ಲ. ನಿನ್ನದೂ ಹೋಗುತ್ತದೆ. ಹೊಸದು ಹುಟ್ಟಲು ಬೆಳಗಾಗಬೇಕು."

"ಗೊತ್ತು. ಈ ಸಂಜೆ ಎಣ್ಣೆ ನೀವೇ ಹೊಯ್ಯಿರಿ. ಬಡಗಣ ಮೂಲೆಯ ಬಿರುಕು ಹಣತೆಗೆ ಮೊದಲು."

ಅರಸ ಕರೆದ. ತಾಯುಂಗುರ ಹಾರಿಬಂದು ಅವನ ಬೆರಳು ಸೇರಿತು. ಗೂಗೆ ಸತ್ತುಬಿತ್ತು, ಉಗ್ರಾಕ್ಷ ನಿಂತಲ್ಲೇ ಬೂದಿಯಾದ. ಸಿರಿಯವ್ವೆಯ ಉಂಗುರವೂ ಬೂದಿಯಾಗಿ ಉದುರಿತು, ಬಾಗಿಲು ಅವಳನ್ನು ಹೊರಗೇ ನಿಲ್ಲಿಸಿತು.

ಒಳಗೆ ಅರಸನಿಗೆ ಎಣ್ಣೆಯ ಗಡಿಗೆ ಎಲ್ಲಿದೆ ಎಂಬುದೇ ಗೊತ್ತಿಲ್ಲ. ಅವನು ಆ ಕೋಣೆಗೆ ಕಾಲಿಟ್ಟವನೇ ಅಲ್ಲ. "ಬಲಕ್ಕೆ, ಬುದ್ಧೀ, ಬಲಕ್ಕೆ" ಎಂದು ಅವಳು ಹೊಸ್ತಿಲಾಚೆಯಿಂದ ಕೂಗುತ್ತಿದ್ದಳು. ಅವನು ತಡಕಾಡಿ ಮೂಲೆ ಮುಟ್ಟುವಷ್ಟರಲ್ಲಿ ಬತ್ತಿ ಕರಕಾಗಿತ್ತು. ಅವನು ಹೊರಗೆ ಬಂದ. ಅವನ ಮುಖ ನೋಡಿಯೇ ಸಿರಿಯವ್ವೆ ಹೊಸ್ತಿಲಾಚೆಯೇ ಕೂತು ಬೆಳಗಿನವರೆಗೂ ಅತ್ತಳು.

ಬೆಳಿಗ್ಗೆ ಅರಸ ತಾಯುಂಗುರವನ್ನೇ ಅವಳ ಮುಂದೆ ಹಿಡಿದ. "ಇನ್ನು ಇದು ನಿನ್ನದು, ತಾಯಿ."

"ಬೇಡ ಬುದ್ಧಿ, ಅದು ನಿಮ್ಮ ಬೆರಳಲ್ಲೇ ಇರಲಿ. ನನಗೆ ಎಣ್ಣೆ ಹೊಯ್ಯುವ ಉಂಗುರವೊಂದು ಸಾಕು."

ಆಮೇಲೆ ಕಾಜಾಣಗಿರಿಯವರು ಸುಖವಾಗಿ ಬಾಳಿದರು. ಸಿರಿಯವ್ವೆ ಪ್ರತಿ ಸಂಜೆ ಎಲ್ಲರ ಹಣತೆಗೂ ಎಣ್ಣೆ ಹೊಯ್ದು, ಕೊನೆಗೆ ಬಡಗಣ ಮೂಲೆಯ ಬಿರುಕು ಹಣತೆಯನ್ನು ಸೆರಗಿನಿಂದ ಒರೆಸಿ, ಇದ್ದಲ್ಲೇ ಇಟ್ಟು ಬರುತ್ತಿದ್ದಳು.